ಅಂಟುಗಿಡ ಹುಳ ತಿನ್ನುತ್ತಾ? ಮೂರು ಪರೀಕ್ಷೆಗಳು

ಚಿತ್ರಮೂಲದ ಹೂಬುಡಕ್ಕೆ ಇರುವೆ ಅಂಟಿಕೊಂಡ ಮಾತ್ರಕ್ಕೆ ಅದು ಮಾಂಸಾಹಾರಿ ಆಗಲ್ಲ. ಹುಳದ ಸಾರ ಗಿಡಕ್ಕೆ ಸೇರಬೇಕು.

ಖರ್ಚು ಬೇಡವೆಂದರೆ ಭೂತಗನ್ನಡಿ ಸಾಕು. ಹುಳ ತಿನ್ನುವ ಡ್ರಾಸೆರಾ ಗಿಡದಂತೆ ಎಲೆಯ ಅಂಟು ಕೂದಲು ಹುಳದತ್ತ ಬಾಗಿದರೆ ಒಳ್ಳೆ ಸುಳಿವು. ಬಾಗದಿದ್ದರೆ ಕೈಬಿಡಬೇಡಿ; ಪೋರ್ಚುಗಲ್‌ನ ಡ್ರಾಸೊಫಿಲಮ್‌ನ ಕೂದಲು ಬಾಗುವುದೇ ಇಲ್ಲ, ಆದರೂ ಹುಳ ಜೀರ್ಣಿಸುತ್ತದೆ.

ಮನೆಯಲ್ಲೇ ಒಂದು ಹೆಜ್ಜೆ ಮುಂದೆ ಹೋಗಬೇಕಾ? ಡೆವಲಪ್ ಮಾಡಿದ ಹಳೇ ಕಪ್ಪು-ಬಿಳುಪು ಫಿಲ್ಮ್ ತುಂಡಿನ ಕಪ್ಪು ಭಾಗದಲ್ಲಿ, ಜೆಲಾಟಿನ್ (ಒಂದು ಪ್ರೋಟೀನ್) ಲೇಪದ ಬದಿಗೆ ಎಲೆ ಒತ್ತಿಡಿ. ಪಕ್ಕದಲ್ಲೇ ಬರೀ ನೀರಿನ ಹನಿಯೂ ಇರಲಿ. ಎಲೆಯ ಕೆಳಗೆ ಮಾತ್ರ ಕಪ್ಪು ಕರಗಿ ಪಾರದರ್ಶಕವಾದರೆ ಪ್ರೋಟೀನ್ ಒಡೆಯುವ ಕಿಣ್ವ ಇದೆ ಅಂತ. ಅದು ಎಲೆ ಮೇಲಿನ ಬ್ಯಾಕ್ಟೀರಿಯಾದ್ದೂ ಇರಬಹುದು, ಅದೇ ತೊಡಕು.

ಪ್ರಬಂಧ ಬರೆಯುವವರಿಗೆ ನೈಟ್ರೋಜನ್-15 ಬೇಕು: ಇದು ನೈಟ್ರೋಜನ್ನಿನ ತುಸು ಭಾರದ ಬಗೆ; ಹುಳದಲ್ಲಿ ಸೇರಿಸಿಟ್ಟು, ಆಮೇಲೆ ಗಿಡದೊಳಗೆ ಬಂತಾ ಅಂತ ಅಳೆಯುತ್ತಾರೆ. ದುಬಾರಿ, ಪ್ರಯೋಗಾಲಯದ ಕೆಲಸ. ಉತ್ತರ ಅಮೆರಿಕದ ಟ್ರಯಾಂಥಾ ಗಿಡ ಮಾಂಸಾಹಾರಿ ಅಂತ 2021ರಲ್ಲಿ ತೋರಿಸಿದ್ದು ಇದೇ.