ಸ್ಲ್ಯಾಬ್‌ಗೆ 500ಡಿ ಸಳಿ: ಏಳು ಮಳೆಗಾಲ ಕಳೆದ ಮೇಲೆ

2018ರ ಮಾರ್ಚ್‌ನಲ್ಲಿ ವಿಜಯಪುರದ ನಮ್ಮ ಮನೆಗೆ ಸ್ಲ್ಯಾಬ್ ಹಾಕಿಸಿದೆವು. 5 ಇಂಚು ದಪ್ಪ. ಗಿಡ್ಡ ಬದಿಗೆ 10 ಮಿ.ಮೀ. ಸಳಿ (ಕಬ್ಬಿಣದ ಸರಳು), ಉದ್ದಕ್ಕೆ 8 ಮಿ.ಮೀ., ಎಲ್ಲಾ 500ಡಿ ಗ್ರೇಡಿನ ಟಿಎಂಟಿ, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡಿದ ಸಳಿ. ಏಳು ಮಳೆಗಾಲ ಆಯಿತು, ಸ್ಲ್ಯಾಬ್ ಎಲ್ಲೂ ಸೋರಿಲ್ಲ. ಆದರೆ ಮುಂಬಾಗಿಲ ಮೇಲಿನ ಛಜ್ಜಾ ಕೈಕೊಟ್ಟಿತು. ಅದು ಸಳಿಯ ತಪ್ಪಲ್ಲ.

ಅಂಗಡಿಯವರು "550 ಒಯ್ರಿ ಸರ್, ಜಾಸ್ತಿ ಗಟ್ಟಿ" ಅಂತ ಹಿಂದೆ ಬಿದ್ದಿದ್ದರು. ನಮ್ಮ ಎಂಜಿನಿಯರ್ ಒಪ್ಪಲಿಲ್ಲ. ಸಳಿಯ ಭಾರತೀಯ ಮಾನದಂಡ ಐಎಸ್ 1786 ಪ್ರಕಾರ 500ಡಿ ಸಳಿ ತುಂಡಾಗುವ ಮುಂಚೆ ಕನಿಷ್ಠ ಶೇ. 16ರಷ್ಟು ಹಿಗ್ಗಬೇಕು. ಡಿ ಇಲ್ಲದ ಬರೀ 550ಕ್ಕೆ ಶೇ. 10 ಸಾಕು. ಮನೆಗೆ ಹಿಗ್ಗುವ ಸಳಿಯೇ ಒಳ್ಳೆಯದು ಅಂದರು. ಬಾರ್ ಬೆಂಡರ್ ರಿಂಗ್ ಬಗ್ಗಿಸುವಾಗ ಮೂಲೆಯಲ್ಲಿ ಒಂದು ಕಡೆಯೂ ಸೀಳು ಬಿಡಲಿಲ್ಲ, ನಾನೇ ನಿಂತು ನೋಡಿದೆ.

ಆದರೆ ಗ್ರೇಡಿಗಿಂತ ಮೊದಲು ತೂಕ ನೋಡಿ. 12 ಮೀಟರಿನ 10 ಮಿ.ಮೀ. ಸಳಿ ಸುಮಾರು 7.4 ಕೆ.ಜಿ. ಬರಬೇಕು. 8 ಮಿ.ಮೀ. ಆದರೆ 4.7. ಮೊದಲು ಹೋದ ಅಂಗಡಿಯಲ್ಲಿ ತೂಕ ಬೇಡ, ಸಳಿ ಎಣಿಸಿದ ಲೆಕ್ಕಕ್ಕೆ ಕೊಡ್ತೀವಿ ಅಂದರು, ರೇಟೂ ಕಡಿಮೆ ಅನಿಸಿತು. ಸುಮ್ನೆ ಅಂತ 10 ಸಳಿ ಕಾಟಾಕ್ಕೆ ಹಾಕಿಸಿದೆ. 74 ಬರಬೇಕಾದಲ್ಲಿ 66 ಕೆ.ಜಿ.! ಸಳಿಯೇ ತೆಳುವು. ಅಂಗಡಿಯವರು ಕಾಟಾದ ಕಡೆ ನೋಡಲೇ ಇಲ್ಲ. ವಾಪಸ್ ಬಂದು ಬೇರೆ ಕಡೆ ತೂಕದ ಲೆಕ್ಕದಲ್ಲೇ ತೊಗೊಂಡೆ.

ಇನ್ನು ಛಜ್ಜಾ. ಹೊರಗೆ ಚಾಚಿದ ಛಜ್ಜಾಕ್ಕೆ ಮುಖ್ಯ ಸಳಿ ಮೇಲ್ಗಡೆ ಇರಬೇಕು, ಎಳೆತ ಬೀಳೋದು ಅಲ್ಲೇ. ಕಟ್ಟುವಾಗ ಮೇಲೇ ಕಟ್ಟಿದ್ದರು. ಕಾಂಕ್ರೀಟ್ ದಿನ ಬುಟ್ಟಿ ಹೊತ್ತವರು ಅದರ ಮೇಲೇ ಓಡಾಡಿದರು. ಸಳಿ ಎತ್ತಿ ಹಿಡಿಯೋ ಕುರ್ಚಿ ಒಂದೂ ಇರಲಿಲ್ಲ. ನಾನು ಕೇಳಿದ್ದಕ್ಕೆ ಗೌಂಡಿ "ಏನೂ ಆಗಂಗಿಲ್ರೀ ಸಾಹೇಬ್ರ" ಅಂದರು. ನಾನೂ ಚಹಾ ತರಿಸೋ ಗಡಿಬಿಡಿಯಲ್ಲಿ ಬಿಟ್ಟುಬಿಟ್ಟೆ.

ಮೂರನೇ ವರ್ಷ ಗೋಡೆ ಕೂಡುವಲ್ಲಿ, ಮೇಲ್ಗಡೆ, ಕೂದಲೆಳೆಯಂಥ ಬಿರುಕು ಕಂಡಿತು. ಐದನೇ ವರ್ಷ ಅದರೊಳಗೆ ಪೋಸ್ಟ್‌ಕಾರ್ಡ್ ಹೋಗುತ್ತಿತ್ತು, ಕೆಳಗೆ ಕಂದು ನೀರಿನ ಕಲೆ. ಒಡೆಸಿ ನೋಡಿದರೆ 4 ಇಂಚಿನ ಛಜ್ಜಾದಲ್ಲಿ ಸಳಿ ಮೇಲಿನಿಂದ 3 ಇಂಚು ಕೆಳಗೆ ಮಲಗಿತ್ತು. ಅಂದರೆ ಇದ್ದೂ ಇಲ್ಲದ ಹಾಗೆ. ಪೂರ್ತಿ ಒಡೆದು ಹೊಸದು ಹಾಕಿಸಿದೆವು.

ಒಳಗಿನ ಸ್ಲ್ಯಾಬ್ ಉಳಿದದ್ದು ಸಳಿ ತಳಕ್ಕೆ ತಾಗದಂತೆ ಕೆಳಗಿಡುವ 20 ಮಿ.ಮೀ. ಸಿಮೆಂಟ್ ಬಿಲ್ಲೆಗಳಿಂದ. ಅಡುಗೆಮನೆಯ ಒಂದು ಮೂಲೆಯಲ್ಲಿ ಬಿಲ್ಲೆ ತೀರಿತು ಅಂತ ಖಡಿ (ಜಲ್ಲಿ) ಚೂರು ಇಟ್ಟಿದ್ದರು. ಅಲ್ಲಿ ಮಾತ್ರ ಈಗ ತುಕ್ಕಿನ ಗೆರೆ ಮೂಡಿ, ಗಿಲಾವು ಉದುರಿದೆ.

ಫೈಬರ್ ಸಳಿ ಹಾಕಬಹುದಾ ಅಂತ ಸುಮಾರು ಜನ ಕೇಳ್ತಾರೆ. ಎರಡು ವರ್ಷದ ಹಿಂದೆ ಕಾರು ನಿಲ್ಲಿಸುವ ನೆಲಕ್ಕೆ ಗಾಜಿನ ಎಳೆಯ ಸಳಿ ಹಾಕಿಸಿದ್ದೇನೆ. ಗರಸಿನ ಮೇಲೆ ಕೂತ ನೆಲ, ಈವರೆಗೆ ತಕರಾರಿಲ್ಲ. ತುಕ್ಕು ಹಿಡಿಯಲ್ಲ, ಕಬ್ಬಿಣದ ಕಾಲು ಭಾಗ ತೂಕ, ಒಂದು ಕಟ್ಟು ನಾನೊಬ್ಬನೇ ಎತ್ತಿದೆ. ಆದರೆ ಮನೆಯ ಸ್ಲ್ಯಾಬಿಗೆ ಹಾಕಲ್ಲ. ಅದರ ಬಿಗುವು ಕಬ್ಬಿಣದ ಕಾಲು ಭಾಗದ ಆಸುಪಾಸು, ಹಾಗಾಗಿ ಸ್ಲ್ಯಾಬ್ ಜಾಸ್ತಿ ಜೋಲುತ್ತದೆ. ಸೈಟಿನಲ್ಲಿ ಬಗ್ಗಿಸಲು ಬರಲ್ಲ. ಬೆಂಕಿಗೂ ಸೋಲುತ್ತದೆ.

ಮುಂದಿನ ತಿಂಗಳು ಮೇಲಿನ ಮಹಡಿ ಶುರು. ಸಳಿ ಅದೇ 500ಡಿ. ಈ ಸಲ ಸಳಿಗಿಂತ ಮುಂಚೆ ಕುರ್ಚಿ, ಬಿಲ್ಲೆ ಮನೆಗೆ ಬಂದಿವೆ. ಕಾಂಕ್ರೀಟ್ ದಿನ ಛಜ್ಜಾ ಮೇಲೆ ನಡೆಯೋಕೆ ಎರಡು ಹಲಗೆಯನ್ನೂ ಎತ್ತಿಟ್ಟಿದ್ದೇನೆ. ಚಹಾ ತರಿಸೋ ಕೆಲಸ ತಮ್ಮನಿಗೆ.