ಮಂಗಳೂರಿನ ಒಂದು ಎನ್‌ಎಂಆರ್ ಸೇವೆ: ಡಿಎನ್‌ಎ, ಪ್ರೋಟೀನ್ ಮಾದರಿ ಕಳುಹಿಸುವವರಿಗಾಗಿ

ಮಂಗಳೂರಿನ ಹೊರವಲಯದಲ್ಲಿರುವ ಉಪಕರಣ ಕೇಂದ್ರವೊಂದು ತನ್ನ 400 ಮೆಗಾಹರ್ಟ್ಸ್ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಪರಮಾಣು ಬೀಜಗಳು ಕೊಡುವ ಸಂಕೇತದಿಂದ ಅಣುವಿನ ರಚನೆ ತಿಳಿಯುವ ವಿಧಾನ) ಯಂತ್ರವನ್ನು ಹೊರಗಿನ ಸಂಶೋಧಕರಿಗೂ ಒದಗಿಸುತ್ತದೆ. ಸಾವಯವ ಸಂಯುಕ್ತಗಳ ರೋಹಿತಗಳು (ಆ ಸಂಕೇತಗಳ ನಕ್ಷೆಗಳು) ಅಲ್ಲಿ ಸಮರ್ಪಕವಾಗಿ ಬರುತ್ತವೆ. ನಾನಿಲ್ಲಿ ಹೇಳಬೇಕೆಂದಿರುವುದು ನೀರಿನಲ್ಲಿ ಕರಗಿಸಿ ಕೊಡುವ ಮಾದರಿಗಳ ಕುರಿತು. ಏಕೆಂದರೆ ಅವುಗಳ ಫಲಿತಾಂಶವನ್ನು ನಿರ್ಧರಿಸುವುದು ಯಂತ್ರಕ್ಕಿಂತ ಹೆಚ್ಚಾಗಿ ಅದನ್ನು ನಡೆಸುವವರ ವಿವೇಚನೆ.

ನೀರಿನಲ್ಲಿ ಪ್ರೋಟಾನುಗಳ, ಅಂದರೆ ಸಂಕೇತ ಕೊಡುವ ಹೈಡ್ರೋಜನ್ ಬೀಜಗಳ, ಸಾಂದ್ರತೆ ಸುಮಾರು 110 ಮೋಲಾರ್. ನಾವು ಕೊಡುವ ಡಿಎನ್‌ಎ ಒಂದು ಮಿಲಿಮೋಲಾರ್ ಕೂಡ ಇರುವುದಿಲ್ಲ. ಡಿಎನ್‌ಎಯ ಸಂಕೇತ ಮುಳುಗಿಹೋಗದಂತೆ ನೀರಿನ ಸಂಕೇತವನ್ನು ಅಡಗಿಸಲೇಬೇಕು, ಆದರೆ ವಾಡಿಕೆಯಂತೆ ಪ್ರೀಸ್ಯಾಚುರೇಶನ್ (ನೀರಿನ ಆವರ್ತಾಂಕದಲ್ಲಿ ಮೊದಲೇ ರೇಡಿಯೋ ತರಂಗ ಹಾಯಿಸಿ ಅದರ ಸಂಕೇತವನ್ನು ಅಳಿಸುವುದು) ಬಳಸಿದರೆ, ಬೇಸ್ ಜೋಡಿಗಳ ಹೈಡ್ರೋಜನ್ ಬಂಧದಲ್ಲಿರುವ ಇಮಿನೋ ಪ್ರೋಟಾನುಗಳು ನೀರಿನೊಂದಿಗೆ ವಿನಿಮಯವಾಗುತ್ತಿರುವುದರಿಂದ ಅವುಗಳ ಸಂಕೇತವೂ ಜೊತೆಯಲ್ಲೇ ಕುಂದುತ್ತದೆ. ಡಿಎನ್‌ಎ ನಿಜವಾಗಿ ಜೋಡಿ ಎಳೆಯಾಗಿದೆಯೇ ಎಂಬುದನ್ನು ಹೇಳಬಲ್ಲ ಸಾಕ್ಷಿಯೇ ಆಗ ಕೈತಪ್ಪುತ್ತದೆ. ಇಲ್ಲಿನ ತಂತ್ರಜ್ಞರು ಇದನ್ನು ನಾವು ಹೇಳುವ ಮೊದಲೇ ಗಮನಿಸಿ, ಪ್ಲಾಟೊ ಮತ್ತು ಗೆರೋನ್ 1982ರಲ್ಲಿ ಪ್ರಕಟಿಸಿದ ಜಂಪ್-ರಿಟರ್ನ್ ಸ್ಪಂದನ (ರೇಡಿಯೋ ತರಂಗದ ಕಿರು ಮಿಡಿತ) ಸರಣಿಯನ್ನು ಆರಿಸಿಕೊಂಡರು. ನೀರನ್ನು ಕದಲಿಸದೆ ಬಿಟ್ಟು ಇಮಿನೋ ವಲಯವನ್ನು ಚೆನ್ನಾಗಿ ಎಬ್ಬಿಸುವ ಈ ವಿಧಾನದಿಂದ 12ರಿಂದ 14 ಪಿಪಿಎಂ (ರೋಹಿತದಲ್ಲಿ ಸಂಕೇತದ ಸ್ಥಾನ ಹೇಳುವ ಅಳತೆ) ನಡುವಿನ ಶಿಖರಗಳು ಸ್ಪಷ್ಟವಾಗಿ ಮೂಡಿದವು. ಅನಂತರ ಒಂದೇ ಥೈಮಿನ್ ಇಮಿನೋ ಪ್ರೋಟಾನನ್ನು ಗಾಸಿಯನ್ ಆಕಾರದ ಸ್ಪಂದನದಿಂದ ಆಯ್ದು ಪ್ರಚೋದಿಸಿ, ಅದರ ಜೊತೆಗಾರ ಅಡೆನಿನ್‌ನ ಎಚ್2 ಪ್ರೋಟಾನಿಗೆ ಹರಿದ ಎನ್‌ಒಇಯನ್ನು (ಹತ್ತಿರವಿರುವ ಪ್ರೋಟಾನುಗಳ ನಡುವೆ ಮಾತ್ರ ಕಾಣುವ ಪ್ರಭಾವವನ್ನು) ದಾಖಲಿಸಿಕೊಟ್ಟರು. ಎ-ಟಿ ಜೋಡಿಯನ್ನು ಗುರುತಿಸಲು ಇದಕ್ಕಿಂತ ನೇರವಾದ ದಾರಿ ನನಗೆ ತಿಳಿದಿಲ್ಲ.

ವಿನಿಮಯದ ವೇಗ ತಗ್ಗಿಸಲು ಮಾದರಿಯನ್ನು 5 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಬೇಕಾಗುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತಂಪು ಮೇಲ್ಮೈಗಳ ಮೇಲೆ ತೇವ ಕೂಡುವುದು ಸಹಜವಾದ್ದರಿಂದ, ಒಣಗಿಸಿದ ಅನಿಲ ಸರಿಯಾಗಿ ಹರಿಯುವುದನ್ನು ಖಚಿತಪಡಿಸಿಕೊಂಡೇ ಅವರು ಕೆಲಸ ಆರಂಭಿಸುತ್ತಾರೆ. ಈ ಎಚ್ಚರಿಕೆ ಮೆಚ್ಚತಕ್ಕದ್ದು.

ಪ್ರೋಟೀನುಗಳ ವಿಷಯದಲ್ಲಿ ನಿರೀಕ್ಷೆಯನ್ನು ಮಿತಿಯಲ್ಲಿಡಬೇಕು. ನೈಸರ್ಗಿಕವಾಗಿ ನೈಟ್ರೋಜನ್-15 (ಇಂಥ ಪ್ರಯೋಗಗಳಿಗೆ ಬೇಕಾದ ನೈಟ್ರೋಜನ್ ಐಸೊಟೋಪು) ಶೇಕಡಾ 0.4ರಷ್ಟೂ ಇಲ್ಲದಿರುವುದರಿಂದ, ನೈಟ್ರೋಜನ್-15 ಅಮೋನಿಯಂ ಕ್ಲೋರೈಡ್ ಬಳಸಿ ಬೆಳೆಸಿದ ಬ್ಯಾಕ್ಟೀರಿಯಾದಿಂದ ಪಡೆದ ಚಿಕ್ಕ ಪ್ರೋಟೀನನ್ನೇ ಕೊಡುವುದು ಉಚಿತ. ಅಮೈಡ್ ಪ್ರೋಟಾನುಗಳನ್ನಷ್ಟೇ ಪ್ರಚೋದಿಸಿ ಪುನರಾವರ್ತನೆಯ ಸಮಯವನ್ನು ಕುಗ್ಗಿಸುವ ಸೋಫಾಸ್ಟ್-ಎಚ್‌ಎಂಕ್ಯೂಸಿ ಇಲ್ಲಿ ಲಭ್ಯವಿದ್ದು, ನಮ್ಮ ಮಾದರಿಗೆ ತೃಪ್ತಿಕರ ಫಲಿತಾಂಶ ನೀಡಿತು. ದೊಡ್ಡ ಪ್ರೋಟೀನುಗಳಿಗೆ ಬೇಕಾದ, ಅವುಗಳ ಸಂಕೇತವನ್ನು ಚೂಪಾಗಿಸುವ ಟ್ರೋಸಿ ವಿಧಾನ ತನ್ನ ಪೂರ್ಣ ಪ್ರಯೋಜನ ತೋರುವುದು ಇನ್ನೂ ಹೆಚ್ಚಿನ ಕಾಂತಕ್ಷೇತ್ರದಲ್ಲಿ. ಅಂಥ ಕೆಲಸಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನೋ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನೋ (ಟಿಐಎಫ್‌ಆರ್) ಸಂಪರ್ಕಿಸುವುದು ಒಳಿತು.

ಒಂದು ಕೊರತೆಯನ್ನು ಹೇಳಲೇಬೇಕು: ಕೇಳದಿದ್ದರೆ ಮುದ್ರಿತ ರೋಹಿತವನ್ನಷ್ಟೇ ಕೊಡುತ್ತಾರೆ. ಸ್ಪಂದನದ ಆಕಾರ, ಅವಧಿ, ತೀವ್ರತೆಗಳ ವಿವರವಿಲ್ಲದೆ ಆಯ್ದ ಪ್ರಚೋದನೆಯ ಪ್ರಯೋಗವನ್ನು ಮತ್ತೊಬ್ಬರು ಪರಿಶೀಲಿಸಲಾಗದು. ಆದ್ದರಿಂದ ಮೂಲ ದತ್ತಾಂಶದ ಇಡೀ ಫೋಲ್ಡರ್ ಬೇಕೆಂದು ಅರ್ಜಿಯಲ್ಲೇ ನಮೂದಿಸಿ.