ದಡಕ್ಕಿಂತ ನೀರೇ ಚೆಂದ: ‘ಬ್ಲ್ಯಾಕ್ ಫ್ಲ್ಯಾಗ್’ ಆಟದ ವಿಮರ್ಶೆ

ಸಮುದ್ರಯಾನದ ವಿಡಿಯೊ ಗೇಮ್ ಗೆಲ್ಲುವುದೂ ಸೋಲುವುದೂ ಎರಡು ದ್ವೀಪಗಳ ನಡುವಿನ ನೀರಿನ ಮೇಲೆ. ದ್ವೀಪದಲ್ಲಿ ನಿಧಿ ಇರಬಹುದು, ಊರು ಇರಬಹುದು, ಕತ್ತಿ ಹಿಡಿದ ವೈರಿಗಳಿರಬಹುದು. ಅವೆಲ್ಲ ಬೇರೆ ಬಗೆಯ ಆಟಗಳಲ್ಲೂ ಸಿಗುತ್ತವೆ. ಹಡಗು ಬಂದರು ಬಿಟ್ಟ ಮೇಲೆ ಮುಂದಿನ ದಡ ಕಾಣುವವರೆಗಿನ ಹೊತ್ತಿನಲ್ಲಿ ಆಡುವವರಿಗೆ ನೋಡಲು, ಕೇಳಲು, ತೀರ್ಮಾನಿಸಲು ಏನಿದೆ ಎಂಬುದೇ ಇಂಥ ಆಟದ ನಿಜವಾದ ಪರೀಕ್ಷೆ. ಯೂಬಿಸಾಫ್ಟ್ ಸಂಸ್ಥೆ 2013ರ ಅಕ್ಟೋಬರ್‌ನಲ್ಲಿ ಹೊರತಂದ ‘ಅಸ್ಯಾಸಿನ್ಸ್ ಕ್ರೀಡ್ 4: ಬ್ಲ್ಯಾಕ್ ಫ್ಲ್ಯಾಗ್’ ಈ ಪರೀಕ್ಷೆಯಲ್ಲಿ ಎಷ್ಟು ಚೆನ್ನಾಗಿ ತೇರ್ಗಡೆಯಾಗುತ್ತದೆ ಎಂದರೆ, ಇಷ್ಟು ವರ್ಷಗಳ ನಂತರವೂ ಕಡಲಿನ ಆಟ ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದರ ಹೆಸರನ್ನೇ.

ಕತೆ ನಡೆಯುವುದು 1715ರಿಂದ ಮುಂದಿನ ಕೆಲವು ವರ್ಷಗಳ ಕೆರಿಬಿಯನ್ ಸಮುದ್ರದಲ್ಲಿ. ನಾಯಕ ಎಡ್ವರ್ಡ್ ಕೆನ್ವೇ ವೇಲ್ಸ್ ಸೀಮೆಯವನು, ಹಣಕ್ಕಾಗಿ ಕಡಲ್ಗಳ್ಳನಾದವನು. ಅವನ ಹಡಗಿನ ಹೆಸರು ಜ್ಯಾಕ್‌ಡಾ. ಆಟದ ಜೀವ ಇರುವುದು ಈ ಹಡಗಿನಲ್ಲಿ. ಚುಕ್ಕಾಣಿ ತಿರುಗಿಸಿದ ಕೂಡಲೇ ಅದು ಕಾರಿನ ಹಾಗೆ ತಿರುಗುವುದಿಲ್ಲ. ಒಂದು ಕ್ಷಣ ಯೋಚಿಸಿ, ಒಂದು ಪಕ್ಕಕ್ಕೆ ವಾಲಿ, ನಂತರ ಮೂತಿ ಹೊರಳಿಸುತ್ತದೆ. ಅರ್ಧ ಹಾಯಿ ಬಿಚ್ಚಿದರೆ ವೇಗ ಕಡಿಮೆ, ತಿರುವು ಸುಲಭ. ಪೂರ್ತಿ ಹಾಯಿ ಬಿಚ್ಚಿದರೆ ವೇಗ ಹೆಚ್ಚು, ತಿರುವು ಕಷ್ಟ. ಇಷ್ಟೇ ಸರಳ ಲೆಕ್ಕದಿಂದ ಹಡಗಿಗೆ ತೂಕ ಬಂದಿದೆ, ಆ ತೂಕದಿಂದಲೇ ಚುಕ್ಕಾಣಿ ಹಿಡಿದವರಿಗೆ ಜವಾಬ್ದಾರಿಯ ಭಾವವೂ ಬರುತ್ತದೆ. ಇನ್ನೂ ವೇಗ ಬೇಕೆಂದರೆ ಕ್ಯಾಮೆರಾ ಹಿಂದೆ ಸರಿದು ಇಡೀ ಹಡಗು ನೀರು ಸೀಳಿಕೊಂಡು ಹೋಗುವುದನ್ನು ತೋರಿಸುತ್ತದೆ, ದೂರದಲ್ಲಿ ತಿಮಿಂಗಿಲವೊಂದು ಮೇಲೆ ಹಾರಿ ಬೀಳುತ್ತದೆ.

ಬಿರುಗಾಳಿ ಬಂದಾಗ ಅಲೆಗಳು ಹಡಗಿಗಿಂತ ಎತ್ತರ ಏಳುತ್ತವೆ. ಅಲೆಯನ್ನು ಪಕ್ಕಕ್ಕೆ ತಗುಲಿಸಿಕೊಂಡರೆ ಹಡಗಿಗೆ ಪೆಟ್ಟು. ಮೂತಿಯನ್ನು ನೇರ ಅದರತ್ತ ಹೊರಳಿಸಿ, ಖಲಾಸಿಗಳಿಗೆ ಕುಕ್ಕರಿಸಿ ಗಟ್ಟಿಯಾಗಿ ಹಿಡಿದುಕೊಳ್ಳಲು ಹೇಳಿದರೆ ಪಾರು. ಬೀದರಿನ ನಮ್ಮ ಮನೆಯಲ್ಲಿ ಇದನ್ನು ಆಡುವಾಗ ಕಾಲೇಜಿಗೆ ಹೋಗುವ ಅಣ್ಣನ ಮಗ ಪಕ್ಕದಲ್ಲಿ ಕುಳಿತು, “ಕಾಕಾ, ಹೊಳ್ಳಸ್ರಿ, ಹೊಳ್ಳಸ್ರಿ, ಎದುರಿಗಿ ದೊಡ್ಡ ಅಲಿ ಬಂತು!” ಎಂದು ಕೂಗುವುದುಂಟು. ಅಷ್ಟರಲ್ಲಿ ವೈರಿಯ ಹಡಗು ಅಲೆಯ ಆಚೆ ಮರೆಯಾಗಿರುತ್ತದೆ. ನಮ್ಮ ಹಡಗು ಅಲೆಯ ನೆತ್ತಿಗೇರಿದಾಗ ಮತ್ತೆ ಕಾಣುತ್ತದೆ. ಗುಂಡು ಹಾರಿಸಬೇಕಾದದ್ದು ಆ ಅರೆಕ್ಷಣದಲ್ಲಿ. ನೀರು ಬರೀ ನೆಲದ ಬದಲಿಗೆ ಹಾಸಿದ ನೀಲಿ ಹಾಸಾಗದೆ ಕಾಳಗದಲ್ಲಿ ಮೂರನೆಯ ಪಕ್ಷವೇ ಆಗಿಬಿಡುವುದನ್ನು ನಾನು ಬೇರೆ ಆಟಗಳಲ್ಲಿ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ.

ಇದಕ್ಕಿಂತಲೂ ಮುಖ್ಯವಾದದ್ದು ದುರ್ಬೀನು. ಕ್ಷಿತಿಜದಲ್ಲಿ ಹಾಯಿಯೊಂದು ಕಂಡಾಗ ದುರ್ಬೀನು ಎತ್ತಿ ನೋಡಿದರೆ ಆ ಹಡಗಿನ ಬಲ ಎಷ್ಟು, ಅದರ ಒಡಲಿನಲ್ಲಿ ಯಾವ ಸರಕಿದೆ ಎಂಬುದು ತಿಳಿಯುತ್ತದೆ. ಸಕ್ಕರೆ ಮತ್ತು ರಮ್ ಮಾರಿದರೆ ಹಣ. ಮರ, ಲೋಹ, ಬಟ್ಟೆ ಸಿಕ್ಕರೆ ನಮ್ಮದೇ ಹಡಗಿನ ಒಡಲು, ಫಿರಂಗಿಗಳನ್ನು ಬಲಪಡಿಸಬಹುದು. ಅಂದರೆ ಎದುರಾಗುವ ಪ್ರತಿಯೊಂದು ಹಡಗೂ ಒಂದು ಪ್ರಶ್ನೆ: ಅದರ ಲೋಹ ನನಗೆ ಬೇಕು, ಆದರೆ ಅದರ ಫಿರಂಗಿಗಳನ್ನು ನನ್ನ ಹಡಗು ತಾಳುತ್ತದೆಯೇ? ಹೊಡೆಯಲು ಹೊರಟರೆ ಮುಂಭಾಗದ ಸರಪಳಿ ಗುಂಡಿನಿಂದ ಅದರ ಹಾಯಿಕಂಬ ಮುರಿದು ನಿಧಾನಗೊಳಿಸಬೇಕು, ಪಕ್ಕಕ್ಕೆ ಬಂದು ಫಿರಂಗಿಗಳ ಸಾಲನ್ನು ಒಮ್ಮೆಗೇ ಸಿಡಿಸಬೇಕು. ಬೆನ್ನಟ್ಟಿ ಬರುವವರಿಗೆ ಹಿಂದಿನಿಂದ ಬೆಂಕಿ ಹತ್ತುವ ಪೀಪಾಯಿಗಳನ್ನು ಉರುಳಿಸಬೇಕು. ಯಾವ ದಿಕ್ಕಿಗೆ ನೋಡುತ್ತೇವೋ ಆ ದಿಕ್ಕಿನ ಆಯುಧ ತಾನೇ ಕೈಗೆ ಬರುತ್ತದೆ. ಯಾವುದಕ್ಕೆ ಯಾವ ಗುಂಡಿ ಒತ್ತಬೇಕೆಂಬ ಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಇಷ್ಟೆಲ್ಲ ಆದ ಮೇಲೆ ಅತ್ಯಂತ ಜಾಣ ನಿಯಮ ಬರುತ್ತದೆ. ಹಡಗನ್ನು ಮುಳುಗಿಸಿಬಿಟ್ಟರೆ ಅರ್ಧ ಸರಕು ಮಾತ್ರ ಸಿಗುತ್ತದೆ. ಪೂರ್ತಿ ಬೇಕಾದರೆ ಕೊಕ್ಕೆ ಎಸೆದು, ಅದನ್ನು ಹತ್ತಿರ ಎಳೆದುಕೊಂಡು, ಹಗ್ಗ ಹಿಡಿದು ಆಚೆ ಹಾರಿ, ಕೈಕೈ ಮಿಲಾಯಿಸಿ ಗೆಲ್ಲಬೇಕು. ಗೆದ್ದ ಹಡಗಿನಿಂದ ನಮ್ಮ ಹಡಗು ದುರಸ್ತಿ ಮಾಡಿಕೊಳ್ಳುವುದೋ, ನಮ್ಮನ್ನು ಹುಡುಕುವವರ ಕಾವು ತಗ್ಗಿಸಿಕೊಳ್ಳುವುದೋ, ಅದನ್ನೇ ನಮ್ಮ ಪಡೆಗೆ ಸೇರಿಸುವುದೋ ಎಂಬುದು ಮತ್ತೊಂದು ತೀರ್ಮಾನ. ಆಸೆ ಮತ್ತು ಅಪಾಯ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಆಡುವವರ ಕೈಗೆ ಕೊಡುವ ಈ ವ್ಯವಸ್ಥೆಯಿಂದಾಗಿ, ಒಂದೂರಿನಿಂದ ಇನ್ನೊಂದೂರಿಗೆ ಹೊರಟ ಪ್ರಯಾಣ ನಡುವೆಯೇ ನಾಲ್ಕಾರು ಸಾಹಸಗಳಾಗಿ ಕವಲೊಡೆಯುತ್ತದೆ.

ಕಾಳಗವಿಲ್ಲದ ಹೊತ್ತಿಗೂ ಆಟ ಒಂದು ಉಪಾಯ ಇಟ್ಟುಕೊಂಡಿದೆ: ಖಲಾಸಿಗಳು ಹಾಡುತ್ತಾರೆ. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ನಮ್ಮ ಕಡೆಯ ಬೀಸುವ ಪದಗಳ ಹಾಗೆ ಇವೂ ಕೆಲಸದ ಲಯಕ್ಕೆ ಹುಟ್ಟಿದವು. ಹಗ್ಗ ಎಳೆಯುವ ಕೈಗಳೆಲ್ಲ ಒಟ್ಟಿಗೆ ಎಳೆಯಲಿ ಎಂಬುದೇ ಇವುಗಳ ಉದ್ದೇಶ. ಇಂಥ ಹಾಡುಗಳು ಹೆಚ್ಚಾಗಿ ಬೆಳೆದದ್ದು 19ನೇ ಶತಮಾನದಲ್ಲಿ, ಆದ್ದರಿಂದ ಆಟದ ಕಾಲಕ್ಕೆ ಅವು ಇತಿಹಾಸದ ಲೆಕ್ಕದಲ್ಲಿ ಹೊಂದುವುದಿಲ್ಲ. ಆದರೂ ಅವನ್ನು ಸೇರಿಸಿದ್ದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಸಂಜೆಯ ಬೆಳಕಿನಲ್ಲಿ ಹಾಡು ಅರ್ಧದಲ್ಲಿರುವಾಗ ದ್ವೀಪ ಬಂದರೂ ಲಂಗರು ಹಾಕದೆ, ಅದು ಮುಗಿಯಲಿ ಎಂದು ಸುತ್ತು ಹಾಕುವವರನ್ನು ನಾನು ಬಲ್ಲೆ. ಹೊಸ ಹಾಡು ಬೇಕಾದರೆ ಊರುಗಳಲ್ಲಿ ಗಾಳಿಗೆ ಹಾರುವ ಕಾಗದವನ್ನು ಮಾಳಿಗೆಯಿಂದ ಮಾಳಿಗೆಗೆ ಬೆನ್ನಟ್ಟಿ ಹಿಡಿಯಬೇಕು.

ಬೇರೆ ಆಟಗಳು ಇದೇ ಸಮಸ್ಯೆಯನ್ನು ಹೇಗೆ ಎದುರಿಸಿವೆ ಎಂಬುದನ್ನೂ ನೋಡಬೇಕು. ನಿಂಟೆಂಡೊ ಸಂಸ್ಥೆಯ ‘ವಿಂಡ್ ವೇಕರ್’ನಲ್ಲಿ (2002) ಗಾಳಿಯ ದಿಕ್ಕನ್ನೇ ಕೈಯಲ್ಲಿನ ಕೋಲಿನಿಂದ ಬದಲಿಸಬಹುದು, ಕಲ್ಪನೆ ಸುಂದರ, ಆದರೆ ಕಡಲು ವಿಶಾಲ, ಮಾಡುವ ಕೆಲಸ ಕಡಿಮೆ. 2013ರ ಪರಿಷ್ಕೃತ ಆವೃತ್ತಿಯಲ್ಲಿ ಹೆಚ್ಚು ವೇಗದ ಹೊಸ ಹಾಯಿಯನ್ನು ಸೇರಿಸಿದರು. ಪ್ರಯಾಣವನ್ನು ಚಿಕ್ಕದು ಮಾಡುವುದು ಒಂದು ಪರಿಹಾರ, ಅದನ್ನು ತುಂಬುವುದು ಇನ್ನೊಂದು, ಎರಡನೆಯದೇ ಮೇಲು. 2018ರ ‘ಸೀ ಆಫ್ ಥೀವ್ಸ್’ ಎರಡನೆಯ ದಾರಿಯಲ್ಲಿ ಇನ್ನೂ ದೂರ ಹೋಗಿದೆ: ಹಾಯಿಯನ್ನು ಗಾಳಿಗೆ ಹೊಂದಿಸುವುದು, ಲಂಗರು ಎತ್ತುವುದು, ತೂತುಗಳಿಗೆ ಹಲಗೆ ಹೊಡೆಯುವುದು, ಬಕೆಟ್‌ನಿಂದ ನೀರು ಎತ್ತಿ ಹೊರಚೆಲ್ಲುವುದು ಎಲ್ಲವೂ ಆಡುವವರದೇ ಕೆಲಸ. ನಕ್ಷೆ ಕೆಳಗಿನ ಅಂತಸ್ತಿನಲ್ಲಿರುವುದರಿಂದ ಚುಕ್ಕಾಣಿ ಹಿಡಿದವನಿಗೆ ಇನ್ನೊಬ್ಬನು ಕೂಗಿ ದಾರಿ ಹೇಳಬೇಕು. ಗೆಳೆಯರಿದ್ದರೆ ಅದಕ್ಕೆ ಸಾಟಿಯಿಲ್ಲ. ಒಬ್ಬರೇ ಆಡುವವರಿಗೆ ಬ್ಲ್ಯಾಕ್ ಫ್ಲ್ಯಾಗ್ ಉತ್ತಮ.

ಬ್ಲ್ಯಾಕ್ ಫ್ಲ್ಯಾಗ್‌ನಲ್ಲಿ ನನಗೆ ಕೊರತೆಯೆನಿಸುವುದು ಋತುಮಾನ. ಸಮುದ್ರದಿಂದ ಇಷ್ಟು ದೂರವಿರುವ ಬೀದರಿಗೂ ಒಂದು ಕಾಲದಲ್ಲಿ ಕಡಲಿನ ನಂಟು ಗಾಢವಾಗಿತ್ತು. ಬಹಮನಿ ವಜೀರ ಮಹಮೂದ್ ಗವಾನ್ ಇರಾನಿನಿಂದ ಸಮುದ್ರ ದಾಟಿ ಬಂದ ವ್ಯಾಪಾರಿ. ಕರಾವಳಿಯಲ್ಲಿ ವ್ಯಾಪಾರಿ ಹಡಗುಗಳನ್ನು ದೋಚುತ್ತಿದ್ದವರ ಮೇಲೆ ದಂಡೆತ್ತಿ ಹೋಗಿ, 1472ರಲ್ಲಿ ಗೋವೆಯನ್ನು ಗೆದ್ದವನೂ ಅವನೇ. ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಹೊರ್ಮುಜ್‌ನಿಂದ ಕುದುರೆಯೊಂದನ್ನು ಹಡಗಿನಲ್ಲಿ ತಂದು, ಚೌಲ್ ಬಂದರಿನಲ್ಲಿಳಿದು, ಅದನ್ನು ಮಾರಿದ್ದು ಬೀದರಿನಲ್ಲಿ. ಆ ವ್ಯಾಪಾರವೆಲ್ಲ ನಡೆಯುತ್ತಿದ್ದದ್ದು ಮಾನ್ಸೂನ್ ಗಾಳಿಯ ಅಪ್ಪಣೆಯಂತೆ. ಮುಂಗಾರಿನ ಬಿರುಸಿನಲ್ಲಿ ಪಶ್ಚಿಮ ಕರಾವಳಿಯ ಬಂದರುಗಳು ಹಡಗುಗಳಿಗೆ ಮುಚ್ಚಿದಂತೆಯೇ. ಯಾವಾಗ ಹೊರಡಬೇಕು, ಎಷ್ಟು ತಿಂಗಳು ಕಾಯಬೇಕು ಎಂಬ ಈ ಒತ್ತಡ ಬ್ಲ್ಯಾಕ್ ಫ್ಲ್ಯಾಗ್‌ನಲ್ಲಿ ಇಲ್ಲ. ಅಲ್ಲಿ ಯಾವ ದಿನವಾದರೂ ಹೊರಡಬಹುದು. ಇದೇ ಮಟ್ಟದ ನೀರು, ಇದೇ ದುರ್ಬೀನು ಇಟ್ಟುಕೊಂಡು, ಕುದುರೆ ಹೊತ್ತ ಹಡಗುಗಳ ಅರಬ್ಬಿ ಸಮುದ್ರದ ಮೇಲೆ ಯಾರಾದರೂ ಆಟ ಕಟ್ಟಬೇಕೆಂಬುದು ನನ್ನ ಮನಃಪೂರ್ವಕ ಆಸೆ.

ದೊಡ್ಡ ದೋಷಗಳು ದಡದ ಮೇಲಿವೆ. ಯಾರನ್ನೋ ಮರೆಯಲ್ಲಿ ಹಿಂಬಾಲಿಸಿ, ಅವರ ಮಾತು ಕದ್ದು ಕೇಳುವ ಕೆಲಸವನ್ನು ಆಟ ಪದೇ ಪದೇ ಕೊಡುತ್ತದೆ. ಹತ್ತಿರ ಹೋದರೆ ಸಿಕ್ಕಿಬಿದ್ದಂತೆ, ದೂರ ಉಳಿದರೆ ತಪ್ಪಿಸಿಕೊಂಡಂತೆ. ಎರಡರಲ್ಲೂ ಮೊದಲಿನಿಂದ ಶುರು. ಕಡಲಿನಲ್ಲಿ ನಮ್ಮ ತೀರ್ಮಾನಕ್ಕೆ ಅಷ್ಟು ಬೆಲೆ ಕೊಟ್ಟ ಆಟ ಇಲ್ಲಿ ಗೆರೆ ಎಳೆದು ಅದರ ಮೇಲೆಯೇ ನಡೆಯಿರಿ ಎನ್ನುತ್ತದೆ. ಕೆನ್ವೇಯ ನೆನಪುಗಳನ್ನು ಇಂದಿನ ಕಾಲದಲ್ಲಿ ಕುಳಿತು ನೋಡುವ ಕಚೇರಿಯೊಂದರಲ್ಲಿ ನಡೆಯುವ ಭಾಗಗಳೂ ಕತೆಯ ಓಟವನ್ನು ಕಡಿಯುತ್ತವೆ.

ಕತೆ ಮಾತ್ರ ನಿರೀಕ್ಷೆಗಿಂತ ಗಂಭೀರವಾಗಿದೆ. ಬಹಾಮಾಸ್ ದ್ವೀಪಗಳ ನಸೌ ಬಂದರಿನಲ್ಲಿ ಕಡಲ್ಗಳ್ಳರು ಕಟ್ಟಿಕೊಂಡ ಸ್ವತಂತ್ರ ಬದುಕು, 1718ರಲ್ಲಿ ವುಡ್ಸ್ ರಾಜರ್ಸ್ ಗವರ್ನರನಾಗಿ ದೊರೆಯ ಕ್ಷಮಾದಾನ ಹೊತ್ತು ಬಂದದ್ದು, ಕಡಲ್ಗಳ್ಳರ ಮುಖಂಡ ಹಾರ್ನಿಗೋಲ್ಡ್ ಅದನ್ನು ಒಪ್ಪಿ ಹಳೆಯ ಗೆಳೆಯರನ್ನೇ ಬೇಟೆಯಾಡಿದ್ದು, ಅದೇ ವರ್ಷದ ನವೆಂಬರ್‌ನಲ್ಲಿ ಕುಖ್ಯಾತ ಕಡಲ್ಗಳ್ಳ ಬ್ಲ್ಯಾಕ್‌ಬಿಯರ್ಡ್ ಕಾಳಗದಲ್ಲಿ ಸತ್ತದ್ದು ಎಲ್ಲವೂ ನಡೆದ ಸಂಗತಿಗಳು. ಜೊತೆಗಾರರು ಒಬ್ಬೊಬ್ಬರಾಗಿ ಇಲ್ಲವಾದಂತೆ ಅದೇ ಹಡಗು, ಅದೇ ನೀರು ಬೇರೆ ರೀತಿ ಕಾಣತೊಡಗುತ್ತವೆ.

ಗುಲಾಮಗಿರಿಯಲ್ಲಿ ಹುಟ್ಟಿ, ಕೆನ್ವೇಯ ಹಡಗಿನಲ್ಲಿ ಅವನ ಬಲಗೈಯಾದ ಅಡೆವಾಲೆಯನ್ನೇ ನಾಯಕನಾಗಿಸಿ ‘ಫ್ರೀಡಂ ಕ್ರೈ’ ಎಂಬ ಪುಟ್ಟ ಮುಂದುವರಿಕೆಯೂ ಇದೆ. ಅಲ್ಲಿ ಎದುರಾಗುವ ಗುಲಾಮರ ಹಡಗಿನ ಮೇಲೆ ಗುಂಡು ಹಾರಿಸಿದರೆ ಸಾಯುವವರು ಅದರ ಒಡಲಿನಲ್ಲಿ ಸರಪಳಿ ಬಿಗಿಸಿಕೊಂಡವರೇ. ಆದ್ದರಿಂದ ಕಾವಲು ಹಡಗುಗಳನ್ನು ಮೊದಲು ಮುಳುಗಿಸಿ, ಕೈ ಬಿಗಿಹಿಡಿದು ಹತ್ತಿರ ಹೋಗಬೇಕು. ಮೂಲ ಆಟದಲ್ಲಿ ಸಲೀಸಾಗಿ ಕಲಿತ ಕಾಳಗದ ಅಭ್ಯಾಸವನ್ನೇ ಇದು ತಡೆದು ನಿಲ್ಲಿಸುತ್ತದೆ. ಕೊಳ್ಳುವವರು ಇದನ್ನೂ ಸೇರಿಸಿಯೇ ಕೊಳ್ಳಲಿ.

ಹಳೆಯ ಆಟವಾದ್ದರಿಂದ ದುಬಾರಿ ಕಂಪ್ಯೂಟರ್ ಬೇಡ; ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಸ್ವಿಚ್‌ಗಳಲ್ಲೂ ದೊರೆಯುತ್ತದೆ. ಕೀಬೋರ್ಡಿಗಿಂತ ಕಂಟ್ರೋಲರ್‌ನಲ್ಲಿ ಚುಕ್ಕಾಣಿ ಹೆಚ್ಚು ಹಿಡಿತಕ್ಕೆ ಬರುತ್ತದೆ. ಕನ್ನಡದಲ್ಲಿ ಅಡಿಬರಹವಿಲ್ಲ, ಇಂಗ್ಲಿಷ್ ಓದುವ ರೂಢಿ ಇರಬೇಕು. ರಕ್ತಪಾತ ಮತ್ತು ಮದ್ಯ ಧಾರಾಳವಾಗಿರುವುದರಿಂದ ಚಿಕ್ಕ ಮಕ್ಕಳಿಗೆ ತಕ್ಕದ್ದಲ್ಲ. ಆರಂಭದ ಒಂದೆರಡು ಗಂಟೆ ಹೆಚ್ಚಾಗಿ ದಡದ ಮೇಲೆಯೇ ಕಳೆಯುತ್ತದೆ. ಜ್ಯಾಕ್‌ಡಾ ಕೈಗೆ ಬರುವವರೆಗೆ ತಾಳ್ಮೆಯಿಂದ ಆಡಿ, ಬಂದ ಮೇಲೆ ಮುಖ್ಯ ಕತೆಯನ್ನು ಸ್ವಲ್ಪ ಬದಿಗಿಟ್ಟು, ಕ್ಷಿತಿಜದಲ್ಲಿ ಕಂಡ ಮೊದಲ ಹಾಯಿಯತ್ತ ದುರ್ಬೀನು ತಿರುಗಿಸಿ.